ಭುಜ ಬಕೆಟ್ಟಿನಲ್ಲಿದೆ

ಸಡಿಲ ಕೀಲುಗಳ ಸಂಸ್ಥಾನದ ಏಕೈಕ ಮಹಾರಾಣಿ, ನನ್ನ ಒಬ್ಬಳೇ ರಬ್ಬರ್ ಅಕ್ಕನ ಸನ್ನಿಧಾನಕ್ಕೆ,

ಡಂಗುರದವನು ಉದ್ದಂಡ ಅಡ್ಡಬಿದ್ದು ಬರೆಯುವ ಕಾಗದ.

ಮೊದಲು ಒಂದು ಷರತ್ತು. ಇದನ್ನು ನೀನೇ ಓದು. ಎಡಗೈಯಲ್ಲಿ ಒಂದೊಂದೇ ಹಾಳೆ ಹಿಡಿದು ಓದಲು ಅನುಕೂಲವಾಗಲಿ ಎಂದು ಪಿನ್ ಕೂಡ ಹೊಡೆದಿಲ್ಲ. ಆಗುವುದಿಲ್ಲ, ಅಮ್ಮನೇ ಓದಿ ಹೇಳಲಿ ಅನ್ನುವುದಾದರೆ, ಅಮ್ಮಾ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದೇ ಒಂದು ಸಾಲನ್ನೂ ಬಿಡಬೇಡ. ಹೇಸಿಗೆ ಅನ್ನಿಸಿದರೆ ಮೂಗು ಮುಚ್ಚಿಕೊಂಡು ಓದು. ವಾಕರಿಕೆ ಬಂದರೆ ಎದ್ದು ಹೋಗಿ ನೀರು ಕುಡಿದು ಬಂದು ಓದು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ನಾನಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಕೈಯನ್ನು ನಾಲ್ಕು ಸಲ ಸೋಪು ಹಚ್ಚಿ ತೊಳೆದೆ, ಇನ್ನೂ ಔಷಧಿಯಲ್ಲಿ ನೆನೆಸಿದ ಕೊಬ್ಬಿನ ವಾಸನೆ ಹೋಗಿಲ್ಲ. ಇದನ್ನು ಕ್ಷೇಮ ಅನ್ನುವುದಾದರೆ ನಾನು ಕ್ಷೇಮ.

ನಾನು ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದು ನಿನಗೆ ಅಮ್ಮನಿಂದ ಗೊತ್ತಾಗಿರುತ್ತದೆ. ಏನು ಕೆಲಸ ಎಂದು ನೀನು ಕೇಳಲಿಲ್ಲ. ಐದು ತಿಂಗಳಿಂದ ನೀನು ನನ್ನನ್ನು ಏನೂ ಕೇಳಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತೇನೆ. ಸತ್ತ ಮೇಲೆ ತಮ್ಮ ದೇಹ ನಾಲ್ಕು ಜನರ ಓದಿಗೆ ಆಗಲಿ ಎಂದು ಬರೆದುಕೊಟ್ಟವರನ್ನು ಇಲ್ಲಿ ಉದ್ದನೆಯ ಉಕ್ಕಿನ ಮೇಜುಗಳ ಮೇಲೆ ಮಲಗಿಸಿರುತ್ತಾರೆ. ವಿದ್ಯಾರ್ಥಿಗಳು ಕೊಯ್ದು ಕಲಿಯುತ್ತಾರೆ. ಅವರು ಕಲಿತು ಬಿಟ್ಟ ಮೇಲೆ, ಒಂದು ಮಂಡಿಯನ್ನೋ ಒಂದು ಅಂಗೈಯನ್ನೋ ಚೆನ್ನಾಗಿ ಬಿಡಿಸಿ ಗಾಜಿನ ಜಾಡಿಗೆ ಏರಿಸುವವರು ಬೇಕಲ್ಲ, ಆ ಕೋಣೆಯ ಕಿರಿಯ ಸಹಾಯಕ ನಾನು. ಒಂದು ಚಿಮಟ, ಒಂದು ಸಣ್ಣ ಕತ್ತರಿ, ಎರಡು ಜೊತೆ ಕೈಗವಸು, ಒಂದು ಬಕೆಟ್.

ಹಾಲಿನ ಕೆನೆ ತುಟಿಗೆ ತಾಗಿದರೆ ಇಡೀ ಲೋಟ ಚೆಲ್ಲುವವಳು ನೀನು. ನಿನ್ನಂಥವಳಿಗೆ ಇದನ್ನೆಲ್ಲ ಬರೆಯುವುದು ಹಿಂಸೆ ಎಂದು ಗೊತ್ತು. ಆದರೂ ಬರೆಯಬೇಕು. ನನ್ನ ಕೆಲಸದ ಮುಕ್ಕಾಲು ಪಾಲು ಒಬ್ಬನೇ ಶತ್ರುವಿನ ಜೊತೆ. ಅವನ ಹೆಸರು ಸಂಯೋಜಕ ಅಂಗಾಂಶ. ಹೆಸರು ಕೇಳಿದರೆ ಯಾವುದೋ ಸಮಿತಿಯ ಸಂಚಾಲಕರು, ಕೋಟು ಹಾಕಿಕೊಂಡು ಸ್ವಾಗತ ಭಾಷಣ ಮಾಡುವವರು ಅನ್ನಿಸುತ್ತದೆ. ನೋಡಿದರೆ ಥೂ. ಜೇಡರ ಬಲೆಯನ್ನು ಗಂಜಿಯಲ್ಲಿ ಅದ್ದಿ, ಹಿಂಡದೆ, ಚರ್ಮದ ಕೆಳಗೆ ತುರುಕಿದ ಹಾಗೆ. ಹಾಲಿನ ಕೆನೆಯ ದೊಡ್ಡಪ್ಪ. ಚಿಮಟದಲ್ಲಿ ಎಳೆದರೆ ಉದ್ದಕ್ಕೆ ಬರುತ್ತದೆ, ಬಿಟ್ಟರೆ ಜೋಲುತ್ತದೆ, ಕತ್ತರಿಸಿದರೆ ಕತ್ತರಿಗೇ ಅಂಟುತ್ತದೆ, ಕತ್ತರಿಯಿಂದ ಬಿಡಿಸಿದರೆ ಕೈಗವಸಿಗೆ, ಕೈಗವಸಿನಿಂದ ಬಿಡಿಸಿದರೆ ಮತ್ತೆ ಕತ್ತರಿಗೆ. ಅದರ ನಡುನಡುವೆ ಕೊಬ್ಬು, ಹಳದಿ ಹಳದಿ ಕಾಳು, ಬೆಣ್ಣೆಗೆ ಜ್ವರ ಬಂದು ಬೆವತ ಹಾಗೆ. ಇನ್ನೂ ಹೇಸಿಗೆಯ ಸಂಗತಿ ಎಂದರೆ ದೇಹ ಕೆಡದಿರಲು ಹಾಕುವ ಆ ಔಷಧಿಯ ವಾಸನೆಗೆ ಒಂದು ಗಂಟೆ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಮೊದಲ ದಿನ ನನಗೆ ಹಸಿವಾಯಿತು ಎಂಬುದಕ್ಕೇ ನಾನು ವಾಂತಿ ಮಾಡಿಕೊಂಡೆ.

ಪುಸ್ತಕದಲ್ಲಿ ಓದಿದೆ. ಇವನ ಮೈಯಲ್ಲಿ ಮೂರೇ ಸಾಮಗ್ರಿ. ಅಲ್ಲೊಂದು ಇಲ್ಲೊಂದು ಕೂತಿರುವ ಕೋಶಗಳು. ಆ ಕೋಶಗಳು ನೇಯ್ದು ಹೊರಗೆ ಬಿಟ್ಟ ನಾರು. ನಾರು ಮುಳುಗಿಕೊಂಡಿರುವ ಲೋಳೆ. ನಾರಿನಲ್ಲಿ ಕೊಲಾಜೆನ್ ಎಂಬುದು ಹಗ್ಗದ ಜಾತಿ, ಎಳೆದರೂ ಹಿಗ್ಗುವುದಿಲ್ಲ. ಎಲಾಸ್ಟಿನ್ ಎಂಬುದು ಚಡ್ಡಿಯ ಪಟ್ಟಿಯ ಜಾತಿ, ಎಳೆದು ಬಿಟ್ಟರೆ ವಾಪಸು. ಇನ್ನೊಂದು ಸಣ್ಣ ಬಲೆಯ ಹಾಗೆ ಹೆಣೆದುಕೊಳ್ಳುವ ಜಾತಿ. ಇಷ್ಟನ್ನೇ ಹೆಚ್ಚು ಕಡಿಮೆ ಬೆರೆಸಿ ಮೈ ತುಂಬ ನಾನಾ ವೇಷ. ಒತ್ತೊತ್ತಾಗಿ ನೇಯ್ದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ. ಸಡಿಲ ಬಿಟ್ಟರೆ ಅಂಗಗಳ ಸಂದಿಯಲ್ಲಿ ತುಂಬುವ ಹತ್ತಿ. ಲೋಳೆಯನ್ನು ಗಟ್ಟಿ ಮಾಡಿದರೆ ನಿನ್ನ ಕಿವಿಯ ಮೃದ್ವಸ್ಥಿ, ಸುಣ್ಣ ಹಾಕಿದರೆ ಮೂಳೆ, ನೀರು ಮಾಡಿ ಹರಿಯಬಿಟ್ಟರೆ ರಕ್ತ. ಹೌದು, ರಕ್ತವೂ ಇದೇ ಮನೆತನವಂತೆ! ನಮ್ಮಿಬ್ಬರದು ರಕ್ತಸಂಬಂಧ ಎಂದು ಅಮ್ಮ ಆಗಾಗ ನೆನಪಿಸುತ್ತಾಳಲ್ಲ, ಅದು ಮೂಲತಃ ಲೋಳೆಸಂಬಂಧ. ಕಟ್ಟುವುದು, ಆನಿಸಿ ಹಿಡಿಯುವುದು, ಮೆತ್ತೆ ಹಾಸುವುದು, ಕೊಬ್ಬು ಕೂಡಿಡುವುದು, ಹೊರಗಿನ ರೋಗ ಬಂದರೆ ಬಡಿದಟ್ಟುವುದು, ಹರಿದ ಕಡೆ ತೇಪೆ ಹಾಕುವುದು, ಎಲ್ಲ ಇವನ ಗುತ್ತಿಗೆ.

ಬೇರೆ ಯಾರಾದರೂ ಆಗಿದ್ದರೆ ಈ ಜಾಗದಲ್ಲಿ ‘ಅಕ್ಕಾ, ನಮ್ಮ ಮನೆಯ ಸಂಯೋಜಕ ಅಂಗಾಂಶ ನೀನೇ’ ಎಂದು ಬರೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬರೆಯುವುದಿಲ್ಲ. ಆ ವಸ್ತುವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಯಾರನ್ನೂ ಹೋಲಿಸಬಾರದು.

ಈಗ ವಿಷಯಕ್ಕೆ ಬರುತ್ತೇನೆ. ಬರಲು ಭಯವಾಗುತ್ತಿದೆ, ಅದಕ್ಕೇ ಇಷ್ಟು ಸುತ್ತು.

ನಿನಗೆ ಮಹಡಿಯ ಸಾಮಾನು ಕೋಣೆಯ ಆಟಗಳು ನೆನಪಿವೆಯಾ? ನನಗೆ ಏಳು, ನಿನಗೆ ಹನ್ನೊಂದು. ಹೆಬ್ಬೆರಳನ್ನು ಮುಂಗೈಗೆ ತಾಗಿಸುವುದು, ಮೊಣಕೈಯನ್ನು ಹಿಂದಕ್ಕೆ ಮುರಿದ ಹಾಗೆ ಬಗ್ಗಿಸುವುದು, ಕತ್ತಿನ ಹಿಂದಿನಿಂದ ಕೈ ತಂದು ಎದುರಿನ ಕಿವಿ ಹಿಡಿಯುವುದು. ಚಿಕ್ಕಮ್ಮನ ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದರು. ನನಗೆ ನನ್ನ ಕಿರುಬೆರಳನ್ನು ಸಹ ಬೇರೆಯಾಗಿ ಎತ್ತಲು ಬರುತ್ತಿರಲಿಲ್ಲ. ಆದ್ದರಿಂದ ಬಾಯಿಯ ಕೆಲಸ ನನ್ನದಾಯಿತು. ಪೌಡರ್ ಡಬ್ಬಿಯನ್ನು ಬಾರಿಸಿ, ‘ಕೇಳಿರಪ್ಪೋ ಕೇಳಿ, ಮೂಳೆಯಿಲ್ಲದ ಮಹಾರಾಣಿ ದಯಮಾಡಿಸುತ್ತಿದ್ದಾರೆ, ಹೃದಯ ದುರ್ಬಲರು ಮೆಟ್ಟಿಲಿಳಿಯಿರಿ’ ಎಂದು ಸಾರುವವನು ನಾನು. ಡಂಗುರ ಎಂಬ ಹೆಸರನ್ನು ನೀನೇ ಇಟ್ಟೆ. ಕೊನೆಯಲ್ಲಿ ನಾನು ಸೊಂಟ ಬಗ್ಗಿಸಿ ವಂದಿಸುತ್ತಿದ್ದೆ, ಆಟ ಆಡಿದವಳು ನೀನಾದರೂ.

ಸುತ್ತೋಲೆಗಳೂ ನೆನಪಿರಬೇಕು. ‘ಇಂದು ಸಂಜೆ ನಾಲ್ಕರ ನಂತರ ಹಿತ್ತಲಿನ ಬಾಗಿಲಲ್ಲಿ ಸೀನುವುದನ್ನು ನಿಷೇಧಿಸಲಾಗಿದೆ.’ ಒಕ್ಕಣೆ ನನ್ನದು, ಮುದ್ರೆ ನಿನ್ನದು. ಅರ್ಧ ಆಲೂಗಡ್ಡೆಯಲ್ಲಿ ನೀನು ಆನೆ ಕೆತ್ತಲು ಹೋಗಿ ಬಾಲವಿರುವ ಬದನೆಕಾಯಿಯಾಗಿತ್ತು. ಅಪ್ಪನ ಮಸಿಡಬ್ಬಿಗೆ ಒತ್ತಿ ಹೊಡೆಯುತ್ತಿದ್ದೆ. ಒಂದು ಸಲ ನಾನು ಮುದ್ರೆಯಿಲ್ಲದೆ ‘ನಾಳೆ ಶಾಲೆಗೆ ರಜೆ’ ಎಂದು ಬರೆದು ನಿನ್ನ ಚೀಲದಲ್ಲಿಟ್ಟೆ. ನೀನು ನಂಬಿ ಮನೆಯಲ್ಲಿ ಉಳಿದು, ಪರೀಕ್ಷೆ ತಪ್ಪಿ, ಅಪ್ಪನಿಂದ ಬೈಸಿಕೊಂಡು, ಆ ಸಂಜೆಯೇ ಕಾನೂನು ಮಾಡಿದೆ: ‘ನೋಡೋ, ಸುಳ್ಳು ಕಾಗದಕ್ಕೆಲ್ಲ ಮುದ್ರೆ ಬೀಳ್ಬೇಕು. ಮುದ್ರೆ ಇಲ್ಲ ಅಂದ್ರೆ ನಾನು ನಿಜ ಅಂತಾನೇ ತಿಳ್ಕೋತೀನಿ. ಆಮೇಲೆ ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ.’ ಹನ್ನೆರಡು ವರ್ಷ ಆ ಕಾನೂನನ್ನು ನಾನು ಮುರಿಯಲಿಲ್ಲ. ಆಲೂಗಡ್ಡೆ ಕಾಣೆಯಾಗುತ್ತದೆ ಎಂದು ಅಮ್ಮ ಗೊಣಗಿದರೂ ಮುರಿಯಲಿಲ್ಲ.

ಐದು ತಿಂಗಳ ಹಿಂದಿನ ಆ ಮಧ್ಯಾಹ್ನವನ್ನು ನೀನು ಮರೆತಿರಲಾರೆ. ಆದರೂ ನನ್ನ ಬಾಯಿಂದ ಒಂದು ಸಲ ಬರಬೇಕು. ನೀನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ನಾನು ಬಂದಿದ್ದೆ. ನೀನು ಶೋಕೇಸಿನ ಗಾಜಿನ ಒಳಗೆ ಬರಿಗಾಲಿನಲ್ಲಿ ನಿಂತು, ಬಾಯಲ್ಲಿ ಐದಾರು ಗುಂಡುಪಿನ್ನು ಕಚ್ಚಿಕೊಂಡು, ಗೊಂಬೆಯ ಬೆನ್ನಿನ ಹಿಂದೆ ದೊಗಳೆ ಅಂಗಿಯನ್ನು ಮಡಿಚಿ ಮಡಿಚಿ ಚುಚ್ಚುತ್ತಿದ್ದೆ. ಮುಂದಿನಿಂದ ನೋಡಿದರೆ ಅದಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗೆ. ನಿನ್ನ ಜೊತೆಯ ಹುಡುಗಿಯರು ಊಟದ ಡಬ್ಬಿ ತೆರೆದಿದ್ದರು. ನನಗೆ ಸುಮ್ಮನಿರಲು ಬರುತ್ತದೆಯೇ? ಗೊಂಬೆಯ ಬಿಡಿ ಕೈಯೊಂದನ್ನು ಎತ್ತಿಕೊಂಡು ಡಬ್ಬಿಯ ಮುಚ್ಚಳ ಬಾರಿಸಿ, ‘ಕೇಳಿರಪ್ಪೋ ಕೇಳಿ’ ಎಂದೆ. ನೀನು ಪಿನ್ನುಗಳನ್ನು ಉಗಿದು, ‘ಬೇಡ ಕಣೋ, ಈಗೆಲ್ಲ ಆಗಲ್ಲ, ವಯಸ್ಸಾಯ್ತು’ ಎಂದೆ. ನಾನು ‘ಮಹಾರಾಣಿಯವರು ತುಕ್ಕು ಹಿಡಿದಿದ್ದಾರೆ’ ಎಂದು ಸಾರಿದೆ. ಹುಡುಗಿಯರು ನಕ್ಕರು. ನೀನೂ ನಗುತ್ತ ಬಲಗೈಯನ್ನು ಕತ್ತಿನ ಹಿಂದಕ್ಕೆ ತಂದೆ. ಕಿವಿಗೆ ಎರಡು ಬೆರಳು ದೂರ ಉಳಿಯಿತು.

ಆ ಎರಡು ಬೆರಳಷ್ಟು ದೂರ ನಾನು ಎಳೆದೆ, ಅಕ್ಕ. ಮಣಿಕಟ್ಟು ಹಿಡಿದು, ಒಂದೇ ಸಲ, ಆಟ ಚೆನ್ನಾಗಿ ಮುಗಿಯಲಿ ಎಂದು.

ಆ ಸದ್ದು. ಗಟ್ಟಿ ಗಂಜಿಯಿಂದ ಸೌಟು ಕಿತ್ತ ಹಾಗೆ. ಆ ಸದ್ದನ್ನು ನೆನೆದರೆ ಈಗಲೂ ನನ್ನ ಹಲ್ಲಿನ ಬುಡ ಜುಮ್ಮೆನ್ನುತ್ತದೆ. ನಿನ್ನ ಭುಜ ಕಳಚಿ, ಅದು ಇದ್ದ ಕಡೆ ಚೌಕವಾಗಿ ಒಂದು ಮೂಲೆ ಎದ್ದಿತು. ಹುಡುಗಿಯರು ಅದನ್ನೂ ಆಟ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಸೊಂಟ ಬಗ್ಗಿಸಿ ವಂದಿಸಿದೆ. ತಲೆ ಎತ್ತಿದಾಗ ನಿನ್ನ ಮುಖ ಗೊಂಬೆಗಳ ಮುಖಕ್ಕಿಂತ ಬಿಳಿಯಾಗಿತ್ತು. ಎಳೆದದ್ದನ್ನಾದರೂ ನೀನು ಕ್ಷಮಿಸುತ್ತಿದ್ದೆ ಎಂದು ನನಗೆ ಗೊತ್ತು. ವಂದಿಸಿದ್ದನ್ನು ಕ್ಷಮಿಸಲಿಲ್ಲ. ನಾನೂ ಕ್ಷಮಿಸುತ್ತಿರಲಿಲ್ಲ. ಥೂ, ಎಂಥ ಕೋತಿ.

ಆಮೇಲೆ ನಾಲ್ಕು ತಿಂಗಳು ವ್ಯಾಯಾಮ, ರಬ್ಬರ್ ಪಟ್ಟಿ, ಐಸ್ ಚೀಲ. ಮತ್ತೆ ಮೂರು ಸಲ ಕಳಚಿತು: ಒಮ್ಮೆ ಹೊದಿಕೆ ಎಳೆದುಕೊಳ್ಳುವಾಗ, ಒಮ್ಮೆ ಬಸ್ಸಿನ ಕಂಬಿ ಹಿಡಿದಾಗ, ಒಮ್ಮೆ ಬರಿದೇ ಜಡೆ ಹಾಕಿಕೊಳ್ಳಲು ಹೋದಾಗ. ಅಂಗಡಿಯಲ್ಲಿ ಈಗ ನೀನು ಬೆಲೆಚೀಟಿಗೆ ದಾರ ಕಟ್ಟುವ ಕುರ್ಚಿಯಲ್ಲಿ ಕೂತಿದ್ದೀಯಂತೆ. ಶೋಕೇಸಿನ ಕೆಲಸ ಬೇರೆ ಯಾರಿಗೋ ಕೊಟ್ಟಿದ್ದಾರಂತೆ, ಅವನು ಗೊಂಬೆಗಳಿಗೆ ಮೂಟೆಗೆ ಚೀಲ ಹಾಕಿದ ಹಾಗೆ ಅಂಗಿ ಹಾಕುತ್ತಾನಂತೆ. ಕೈ ಮೇಲೆತ್ತಲು ಬಂದರೆ ನಿನ್ನ ಜಾಗ ನಿನ್ನದು ಎಂದು ಮಾಲೀಕರು ಹೇಳಿದ್ದಾರಂತೆ. ಈ ಎಲ್ಲ ‘ಅಂತೆ’ಗಳೂ ಅಮ್ಮನಿಂದ. ಕೊನೆಗೆ ಡಾಕ್ಟರಮ್ಮ ಆಪರೇಷನ್ ಎಂದರು, ಬರುವ ಗುರುವಾರಕ್ಕೆ ದಿನ ಕೊಟ್ಟರು.

ಆಪರೇಷನ್ನಿಗೆ ಮೂರು ವಾರ ಮುಂಚೆ ನಿನಗೆ ಆಸ್ಪತ್ರೆಯಿಂದ ಒಂದು ಕಾಗದ ಬಂತಲ್ಲ.

ಅದು ಆಸ್ಪತ್ರೆಯಿಂದ ಬಂದದ್ದಲ್ಲ. ನಾನು ಬರೆದದ್ದು.

ಹಾಳೆ ಬಿಸಾಡಬೇಡ. ಅಮ್ಮಾ, ನೀನು ಓದುತ್ತಿದ್ದರೆ ಇಲ್ಲಿ ನಿಲ್ಲಿಸಬೇಡ.

ನೀನು ಎಲ್ಲರ ಜೊತೆ ನಗುತ್ತೀಯ, ನನ್ನ ಫೋನು ಮಾತ್ರ ಎತ್ತುವುದಿಲ್ಲ. ನಿನ್ನನ್ನು ಒಂದೇ ಒಂದು ಸಲ ನಗಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಅದಕ್ಕೆ ನನ್ನ ಜೀವಮಾನದ ಶ್ರೇಷ್ಠ ಒಕ್ಕಣೆ ತೆಗೆದು ಟೈಪು ಮಾಡಿದೆ. ‘ಮಾನ್ಯರೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಮ್ಮ ಸ್ವಂತ ಅಂಗಾಂಶವು ದುರಸ್ತಿಗೆ ಯೋಗ್ಯವಲ್ಲದ ಕಾರಣ, ದಿವಂಗತ ಪುರುಷರೊಬ್ಬರ ಹಿಮ್ಮಡಿಯ ಸ್ನಾಯುರಜ್ಜುವನ್ನು ತಮ್ಮ ಭುಜಕ್ಕೆ ಹೊಲಿಯಲು ತೀರ್ಮಾನಿಸಲಾಗಿದೆ. ಸದರಿಯವರ ಪಾದಗಳಿಗೆ ಅಲ್ಪ ವಾಸನೆ ಇದ್ದು, ಅದು ತಮ್ಮ ಕಂಕುಳಿಗೆ ವರ್ಗಾವಣೆಯಾಗುವ ಸಂಭವವಿದೆ. ಸದರಿಯವರಿಗೆ ನಿದ್ದೆಯಲ್ಲಿ ಒದೆಯುವ ಅಭ್ಯಾಸವಿದ್ದುದರಿಂದ ತಮ್ಮ ಕೈಯು ಆಗಾಗ ಯಾರನ್ನಾದರೂ ಒದೆಯಬಹುದು, ಗಾಬರಿ ಬೇಡ. ಈ ವಿಷಯವನ್ನು ವೈದ್ಯರ ಬಳಿ ಪ್ರಸ್ತಾಪಿಸಬಾರದು, ಅವರು ನಾಚಿಕೆ ಸ್ವಭಾವದವರು.’ ಕೆಳಗೆ ಸಹಿ: ‘ಅಧೀಕ್ಷಕರು, ಸಡಿಲ ಕೀಲು ಮತ್ತು ಸಾಮಾನ್ಯ ದುರಸ್ತಿ ವಿಭಾಗ.’

ಕೈ ಒದೆಯುತ್ತದೆ ಎಂಬಲ್ಲಿಗೆ ಬರುವಷ್ಟರಲ್ಲಿ ನಿನಗೆ ಗೊತ್ತಾಗುತ್ತದೆ, ‘ಕೋತಿ ಮುಂಡೇದು’ ಎಂದು ಬೈಯಲಾದರೂ ಫೋನು ಮಾಡುತ್ತೀಯ ಎಂದು ನಾನು ಇಲ್ಲಿ ಫೋನು ಹಿಡಿದು ಕೂತಿದ್ದೆ. ಮುದ್ರೆ ಹಾಕಲಿಲ್ಲ. ಇಷ್ಟು ಚೆಂದದ ಕಾಗದಕ್ಕೆ ಆಲೂಗಡ್ಡೆ ಒತ್ತಿದರೆ ಚಿಕ್ಕ ಹುಡುಗರ ಆಟವಾಗುತ್ತದೆ ಎನ್ನಿಸಿತು. ಅಷ್ಟು ದುರಹಂಕಾರ.

ಆರನೆಯ ದಿನ ಫೋನು ಬಂದದ್ದು ಅಮ್ಮನದು. ಅವಳ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: ‘ಆಸ್ಪತ್ರೆ ಆಫೀಸಿನವರು ಬರ್ದಿದ್ರು ಕಣೋ. ಸತ್ತೋರ ಹಿಮ್ಮಡಿ ತಂದು ಹೊಲೀತಾರಂತೆ. ಅವಳಿಗೆ ಕೈ ಬೇರೆ ನೋಯ್ತಿತ್ತು, ನಾನೇ ಓದಿ ಹೇಳ್ದೆ. ಮಧ್ಯ ಏನೇನೋ ಹೊಲಸು ಬರ್ದಿದ್ರು, ಕಾಲು ವಾಸನೆ, ಕಂಕುಳು, ಒದೆಯೋದು, ಅದನ್ನೆಲ್ಲ ಯಾಕೆ ಓದೋದು ಅಂತ ಬಿಟ್ಟು, ಮುಖ್ಯವಾದ್ದಷ್ಟೇ ಓದ್ದೆ. ಅವಳು ಗೋಡೆ ಕಡೆ ತಿರುಗಿ ಮಲಕ್ಕೊಂಡ್ಳು. ಬೆಳಗ್ಗೆ ಎದ್ದು ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಬೇಡ ಅಂದ್ಬಿಟ್ಳು. ಯಾಕೆ ಅಂತ ಕೇಳಿದ್ರೆ ಹೇಳಿಲ್ಲ. ಕಾಗದ ಕಣ್ಣಿಗೆ ಬಿದ್ರೆ ಅವಳಿಗೆ ವಾಂತಿ ಬರುತ್ತೆ ಅಂತ ಹರಿದು ಹಾಕ್ದೆ. ಜೀವಮಾನ ಪೂರ್ತಿ ಹಿಂಗೇ ಇರ್ತಾಳಾ ಇವಳು?’

ನಾನು ‘ಛೇ ಛೇ’ ಎಂದೆ. ಹೌದು, ‘ಛೇ ಛೇ’ ಎಂದೆ, ಬೇರೆ ಯಾರೋ ಮಾಡಿದ್ದಕ್ಕೆ ಅನ್ನುವ ಹಾಗೆ. ಆಮೇಲೆ ಒಂಬತ್ತು ದಿನ ಬಾಯಿಗೆ ಬೀಗ. ಬಕೆಟ್ಟಿನಲ್ಲಿ ಇರುವ ಏನನ್ನು ನೋಡಿದರೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ, ಕೈ ತೊಳೆಯುವಾಗ ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಆದಷ್ಟು.

ಆ ಬಕೆಟ್ಟಿನ ಬಗ್ಗೆ ಹೇಳಬೇಕು. ನಮ್ಮ ಕೋಣೆಯ ಹಿರಿಯರನ್ನು ವಿದ್ಯಾರ್ಥಿಗಳೆಲ್ಲ ಬಕೆಟ್ ಮೇಷ್ಟ್ರು ಅನ್ನುತ್ತಾರೆ. ಒಂದೊಂದು ಮೇಜಿನ ಕೆಳಗೂ ನಂಬರು ಬರೆದ, ಮುಚ್ಚಳವಿರುವ ಒಂದೊಂದು ಬಕೆಟ್. ಆ ಮೇಜಿನವರಿಂದ ಕತ್ತರಿಸಿ ತೆಗೆದ ಚೂರು, ನಾರು, ಕೊಬ್ಬು, ಲೋಳೆ ಒಂದು ಉಗುರಿನಷ್ಟಿದ್ದರೂ ಆ ಬಕೆಟ್ಟಿಗೇ ಬೀಳಬೇಕು, ಪಕ್ಕದ್ದಕ್ಕೆ ಬೀಳಬಾರದು, ತೊಟ್ಟಿಗಂತೂ ಸಲ್ಲದು. ವರ್ಷದ ಕೊನೆಯಲ್ಲಿ ಅವರನ್ನು ಮಣ್ಣಿಗೆ ಕಳಿಸುವಾಗ ಬಕೆಟ್ಟನ್ನೂ ಜೊತೆಗೇ ಕಳಿಸುತ್ತಾರೆ. ‘ಇವರು ಇಡಿಯಾಗಿ ಬಂದಿದ್ದಾರೆ, ಇಡಿಯಾಗೇ ಹೋಗ್ಬೇಕು’ ಎಂದು ಮೇಷ್ಟ್ರು ದಿನಕ್ಕೊಂದು ಸಲ ಹೇಳುತ್ತಾರೆ. ಕಸಕ್ಕೆ ಎಂಥ ಮರ್ಯಾದೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ನನಗೆ ಮೂರನೆಯ ಮೇಜಿನವರ ಬಲ ಭುಜ ಕೊಟ್ಟರು. ಮೇಲಿನ ಸ್ನಾಯುಗಳನ್ನು ವಿದ್ಯಾರ್ಥಿಗಳು ಆಗಲೇ ತೆಗೆದಿದ್ದರು. ‘ಕೀಲು ಕಾಣೋ ಹಾಗೆ ಶುಚಿ ಮಾಡು, ವರ್ಷದ ಕೊನೆವರೆಗೆ ಜಾಡೀಲಿರುತ್ತೆ’ ಎಂದು ಹೇಳಿ ಮೇಷ್ಟ್ರು ಚಹಾಕ್ಕೆ ಹೋದರು. ನಾನು ಶುಚಿ ಮಾಡಿದೆ. ನನ್ನಷ್ಟು ಶುಚಿ ಯಾರೂ ಮಾಡಿರಲಿಕ್ಕಿಲ್ಲ. ಎರಡು ಮೂಳೆಗಳ ನಡುವೆ ಒದ್ದೆ ಕಾಗದದಂಥ ಬಿಳಿ ಹಾಳೆಯೊಂದು ಸುತ್ತಿಕೊಂಡಿತ್ತು, ಚಿಮಟಕ್ಕೆ ಸಿಕ್ಕಿತು, ಅಂಚಿನಿಂದ ಎಬ್ಬಿಸಿ, ಕತ್ತರಿಸಿ, ಥೂ ಥೂ ಎನ್ನುತ್ತ ಬಕೆಟ್ಟಿಗೆ ಹಾಕಿದೆ. ಮೂಳೆ ಬೆಳ್ಳಗೆ ಮಿಂಚಿತು. ಸಂತೋಷವಾಗಿ ತಿರುಗಿಸಿ ನೋಡಲು ಎತ್ತಿದೆ. ತೋಳಿನ ಮೂಳೆ ನನ್ನ ಕೈಗೆ ಬಂತು. ಸದ್ದೇ ಇಲ್ಲ. ನಿನ್ನದು ಸದ್ದು ಮಾಡಿತ್ತು.

ಕೋಣೆಯಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ಇತ್ತ ತಿರುಗಿದರು. ಅಕ್ಕ, ಕೈಯಲ್ಲಿ ಒಬ್ಬ ಮನುಷ್ಯನ ತೋಳು ಹಿಡಿದುಕೊಂಡು, ನನ್ನ ಸೊಂಟ ತಾನಾಗಿ ಬಗ್ಗಿತು. ಅಭ್ಯಾಸ. ಅರ್ಧಕ್ಕೆ ನಿಂತೆ. ಅರ್ಧ ಬಗ್ಗಿದವನಿಗೆ ನೇರವಾಗಲೂ ಬರಲಿಲ್ಲ.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಬೈಯಲಿಲ್ಲ. ಹತ್ತಿರ ಬಂದು ಕೇಳಿದರು: ‘ಭುಜ ಎಲ್ಲಪ್ಪಾ?’

‘ಇಲ್ಲೇ ಇದೆಯಲ್ಲ ಸಾರ್, ಎರಡು ಮೂಳೆ ಕ್ಲೀನಾಗಿ...’

‘ಅದು ಮೂಳೆ. ನಾನು ಭುಜ ಎಲ್ಲಿ ಅಂತ ಕೇಳ್ದೆ. ಇವರ ಜೀವಮಾನ ಪೂರ್ತಿ ಈ ತೋಳನ್ನ ಹಿಡಿದಿಟ್ಟಿದ್ದು ಆ ಹಾಳೆ. ಭುಜ ಬಕೆಟ್ಟಿನಲ್ಲಿದೆ. ಹುಡುಕು.’

ಹುಡುಕಿದೆ. ಮೊಣಕೈವರೆಗೆ ಕೈ ಹಾಕಿ, ಎರಡು ಗಂಟೆ. ತಣ್ಣಗಿನ ಎಣ್ಣೆಜಿಡ್ಡು, ಬೆರಳ ಸಂದಿಯಲ್ಲಿ ಜಾರುವ ಕೊಬ್ಬಿನ ಕಾಳು, ಒಂದಕ್ಕೊಂದು ತೊಡರಿಕೊಂಡ ನಾರು, ಎಲ್ಲ ಒಂದೇ ಬಣ್ಣ, ಒಂದೇ ವಾಸನೆ. ಒಂದೊಂದು ಚೂರನ್ನೂ ನೀರಿನಲ್ಲಿ ಅಲ್ಲಾಡಿಸಿ, ಬಟ್ಟೆಯ ಮೇಲೆ ಹರಡಿ, ಇದು ಕಸವೋ ಭುಜವೋ ಎಂದು ಮೇಷ್ಟ್ರನ್ನು ಕೇಳಿದೆ. ‘ಕಸ ಅಂತ ಯಾವುದೂ ಇಲ್ಲ, ಆದ್ರೆ ಅದು ಭುಜ ಅಲ್ಲ’ ಎಂದರು ಇಪ್ಪತ್ತು ಸಲ. ಇಪ್ಪತ್ತೊಂದನೆಯ ಸಲ ಅಂಗೈಯಷ್ಟಗಲದ ಆ ಬಿಳಿ ಹಾಳೆ ಸಿಕ್ಕಿತು. ಮೇಷ್ಟ್ರು ಬೆಳಕಿಗೆ ಹಿಡಿದರು. ಕರವಸ್ತ್ರದ ನೇಯ್ಗೆಯ ಹಾಗೆ ಎಳೆಗಳು. ಕೀಲಿನ ಸುತ್ತ ಇದು ಚೀಲದ ಹಾಗೆ ಇರುತ್ತದಂತೆ. ಇದು ಕೆಲವರಿಗೆ ಹುಟ್ಟುತ್ತಲೇ ದೊಗಳೆ ಎಂದರು. ‘ಅಂಥೋರ ಕೈಯನ್ನ ಎಳೀಬಾರ್ದು’ ಎಂದರು. ಅವರಿಗೆ ನಿನ್ನ ವಿಷಯ ಏನೂ ಗೊತ್ತಿಲ್ಲ, ಸುಮ್ಮನೆ ಪಾಠ ಹೇಳಿದ್ದು.

ಆಗ ಅಮ್ಮನ ಫೋನು ನೆನಪಾಯಿತು. ‘ಹೊಲಸನ್ನೆಲ್ಲ ಬಿಟ್ಟು ಮುಖ್ಯವಾದ್ದಷ್ಟೇ ಓದ್ದೆ.’ ತಪ್ಪು ಅವಳದಲ್ಲ. ಹಾಗೆ ಬಿಟ್ಟು ಓದಿದರೆ ಕಳಚಿಕೊಳ್ಳುವಂಥದ್ದನ್ನು ನಾನು ಬರೆಯಬಾರದಿತ್ತು.

ನಿನ್ನೆ ರಜೆ ಹಾಕಿ ನಿನ್ನ ಡಾಕ್ಟರಮ್ಮನ ಹತ್ತಿರ ಹೋದೆ. ಎರಡು ಬಸ್ಸು ಬದಲಿಸಿ, ಆ ಕಾಗದದ ಇನ್ನೊಂದು ಪ್ರತಿ ತೆಗೆದುಕೊಂಡು. ಹೊರಗಿನ ಬೆಂಚಿನ ಮೇಲೆ ಮೂರು ಗಂಟೆ ಕೂತೆ. ಅವರು ನಿಂತುಕೊಂಡೇ ಓದಿದರು. ಕಂಕುಳಿನ ಸಾಲಿಗೆ ಬಂದಾಗ ತುಟಿ ಅಲ್ಲಾಡಿತು, ಒದೆಯುವ ಸಾಲಿಗೆ ಕೆಮ್ಮಿದರು, ನಾಚಿಕೆ ಸ್ವಭಾವದ ಸಾಲಿಗೆ ನಕ್ಕೇಬಿಟ್ಟರು. ನಕ್ಕದ್ದಕ್ಕೆ ಅವರಿಗೇ ಸಿಟ್ಟು ಬಂತು. ‘ಚೆನ್ನಾಗಿ ಬರೀತೀಯ. ಅದೇ ನಿನ್ನ ರೋಗ. ನಿಮ್ಮಕ್ಕ ಕಾರಣ ಹೇಳ್ದೆ ಬೇಡ ಅಂದಾಗ ನನ್ನ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡು ವಾರವಿಡೀ ಒದ್ದಾಡಿದೀನಿ, ಗೊತ್ತಾ?’ ಎಂದರು. ನಾನು ತಲೆ ತಗ್ಗಿಸಿದೆ. ‘ತಲೆ ತಗ್ಗಿಸಿದ್ದು ಸಾಕು, ನೋಡಿಲ್ಲಿ’ ಎಂದು ತಮ್ಮ ಬಿಳಿ ಕೋಟಿನ ದೊಗಳೆ ಪಕ್ಕವನ್ನು ಎರಡು ಬೆರಳಲ್ಲಿ ಮಡಿಚಿ, ಮೇಜಿನ ಮೇಲಿದ್ದ ಕ್ಲಿಪ್ಪು ಸಿಕ್ಕಿಸಿ, ‘ನಾನು ಮಾಡೋದು ಇಷ್ಟೇ. ಅವರದೇ ಚೀಲ. ಹರಿದ ಕಡೆ ಮೂಳೆಗೆ ಹೊಲಿದು, ದೊಗಳೆ ಇರೋ ಕಡೆ ಮಡಿಚಿ ಹೊಲೀತೀನಿ. ಯಾರ ಹಿಮ್ಮಡೀನೂ ಬೇಕಾಗಿಲ್ಲ’ ಎಂದರು.

ಅಕ್ಕ, ನಾನು ಆ ಕ್ಲಿಪ್ಪನ್ನೇ ನೋಡುತ್ತಿದ್ದೆ. ಗೊಂಬೆಯ ಬೆನ್ನ ಹಿಂದೆ ನೀನು ದಿನಾ ಮಾಡುತ್ತಿದ್ದ ಕೆಲಸ ಅದು. ನಿನ್ನ ಬಾಯಲ್ಲಿ ಗುಂಡುಪಿನ್ನು, ಅವರ ಕೈಯಲ್ಲಿ ದಾರ, ವ್ಯತ್ಯಾಸ ಅಷ್ಟೇ.

ಇನ್ನೊಂದು ಪ್ರಶ್ನೆ ಕೇಳಿದೆ. ಅವಳದು ಹುಟ್ಟಿನಿಂದ ಬಂದದ್ದೋ, ನಾನು ಎಳೆದದ್ದೋ? ಅವರು ನನ್ನ ಮುಖ ನೋಡಿ, ಸಮಾಧಾನದ ಮಾತಾಡಲಿಲ್ಲ. ‘ಸಡಿಲ ಇರೋದು ಹುಟ್ಟಿನಿಂದ. ಹರಿದಿರೋದು ಎಳೆದದ್ದರಿಂದ’ ಎಂದರು. ಗುಣವಾಗುತ್ತದಾ ಎಂದು ಕೇಳಿದ್ದಕ್ಕೆ, ‘ನೂರಕ್ಕೆ ನೂರು ಅಂತ ನಾನು ಯಾರಿಗೂ ಹೇಳಲ್ಲ. ಅವರ ನಾರಿನ ಗುಣವೇ ಹಿಗ್ಗೋದು, ಕಾಲಕ್ರಮೇಣ ಮತ್ತೆ ಸ್ವಲ್ಪ ಸಡಿಲ ಆಗಬಹುದು. ಆರು ತಿಂಗಳು ವ್ಯಾಯಾಮ ತಪ್ಪಿಸೋ ಹಾಗಿಲ್ಲ’ ಎಂದರು.

‘ಆದ್ರೆ ಮಾಡದೆ ಬಿಟ್ರೆ ಆ ಹರುಕು ತಾನಾಗೇ ಸರಿಯಾಗಿ ಕೂಡಲ್ಲ, ಜಡೆ ಹಾಕೋದೂ ಕಷ್ಟ’ ಎಂದರು. ಇದನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ನಾನು ಕಟ್ಟುವ ಸುಳ್ಳು ಇಷ್ಟು ಅರೆಬರೆಯಾಗಿ ಇರುವುದಿಲ್ಲ ಎಂದು ನಿನಗೆ ಗೊತ್ತು.

ಗುರುವಾರದ ನಿನ್ನ ಜಾಗವನ್ನು ಅವರು ಇನ್ನೂ ಯಾರಿಗೂ ಕೊಟ್ಟಿಲ್ಲ. ಸೋಮವಾರ ಮಧ್ಯಾಹ್ನ ಹನ್ನೆರಡರವರೆಗೆ ಕಾಯುತ್ತಾರೆ. ಆಮೇಲೆ ಮತ್ತೆ ಸರದಿ ಬರಲು ನಾಲ್ಕು ತಿಂಗಳು. ನನ್ನನ್ನು ನಂಬಬೇಡ, ದಯವಿಟ್ಟು ನಂಬಬೇಡ. ಆಸ್ಪತ್ರೆಯ ಚೀಟಿಯ ಹಿಂದೆ ಅವರ ನಂಬರಿದೆ, ನೀನೇ ಫೋನು ಮಾಡಿ ಒಂದೇ ಮಾತು ಕೇಳು: ‘ನನಗೆ ಹೊಲಿಯೋದು ಯಾರದ್ದು?’ ಅವರು ಹೇಳುವ ಉತ್ತರ ಒಂದೇ ಪದದ್ದು. ಅದನ್ನು ಅವರ ಬಾಯಿಂದಲೇ ಕೇಳು.

ಅಮ್ಮನಿಗೆ ನಾನೇ ಹೇಳುತ್ತೇನೆ. ಅವಳೇ ಇದನ್ನು ಓದುತ್ತಿದ್ದರೆ, ಹೇಳಿದ ಹಾಗೇ ಆಯಿತು. ಅಮ್ಮಾ, ಕೋಲು ಎಲ್ಲಿದೆ ಎಂದು ಹುಡುಕುವುದು ಆಮೇಲೆ, ಮೊದಲು ಅವಳ ಕೈಗೆ ಫೋನು ಕೊಡು.

ಗುರುವಾರ ನಾನು ಆಸ್ಪತ್ರೆಗೆ ಬರುವುದಿಲ್ಲ. ಎಚ್ಚರವಾದಾಗ ಮೊದಲು ಕಾಣುವುದು ನನ್ನ ಮುಖವಾದರೆ ಹೊಲಿಗೆ ಬಿಚ್ಚಿಕೊಂಡೀತು. ಕರೆದರೆ ಬರುತ್ತೇನೆ. ಕರೆಯದಿದ್ದರೆ ಇಲ್ಲಿ ಮೂರನೆಯ ಮೇಜಿನವರ ಚೂರುಗಳನ್ನು ಬಕೆಟ್ಟಿಗೆ ಎಣಿಸಿ ಹಾಕುತ್ತ ಇರುತ್ತೇನೆ. ಹೇಸಿಗೆ ಕಡಿಮೆಯಾಗಿದೆ ಎಂದು ತಿಳಿಯಬೇಡ. ಇಂದು ಬೆಳಿಗ್ಗೆಯೂ ಎರಡು ಸಲ ಹೊರಗೆ ಓಡಿದೆ. ಆದರೆ ಈಗ ಯಾವುದನ್ನೂ ನೋಡದೆ ಹಾಕುವುದಿಲ್ಲ.

ಕೊನೆಯದಾಗಿ. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಡಾಕ್ಟರಮ್ಮ ಓದಿದ ಪ್ರತಿ, ಅದೇ ಕಾಗದ, ಕಾಲು ವಾಸನೆ, ಕಂಕುಳು, ಒದೆ ಎಲ್ಲ ಸೇರಿ ಇಡಿಯಾಗಿ. ಮೂಲೆಯಲ್ಲಿ ನೇರಳೆ ಮಸಿಯ ಒಂದು ಗುರುತು ಕಾಣುತ್ತದೆ, ಇನ್ನೂ ಹಸಿ ಇರಬಹುದು, ಬೆರಳಿಗೆ ಅಂಟಿಸಿಕೊಳ್ಳಬೇಡ. ಕೆತ್ತಲು ನನಗೆ ಮೊದಲಿನಿಂದಲೂ ಬರುವುದಿಲ್ಲ, ನಿನಗೆ ಗೊತ್ತು. ಮೂರು ಆಲೂಗಡ್ಡೆ ಹಾಳಾದವು, ಹೆಬ್ಬೆರಳು ಕೊಯ್ದುಕೊಂಡೆ. ಆನೆಯೂ ಆಗಲಿಲ್ಲ, ಬದನೆಕಾಯಿಯೂ ಆಗಲಿಲ್ಲ. ಬಾಲ ಮಾತ್ರ ಬಂದಿದೆ. ಅದಕ್ಕೆ ಎರಡು ವಾರಗಳ ಹಿಂದೆಯೇ ಬೀಳಬೇಕಾಗಿದ್ದ ಮುದ್ರೆ ಅದು.

ನೀನು ಓದುತ್ತಿರುವ ಈ ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡು. ಇವುಗಳ ಮೇಲೆ ಎಲ್ಲೂ ಇಲ್ಲ.

ನಿನ್ನ ಕೈ ಮೇಲೇಳಲಿ, ನಿನ್ನ ಗೊಂಬೆಗಳ ತಲೆಗಿಂತ ಮೇಲೇಳಲಿ. ಎದ್ದ ಮೇಲೆ ಮೊದಲ ಏಟು ನನ್ನ ಬೆನ್ನಿಗೇ ಬೀಳಲಿ. ಬಗ್ಗಿ ನಿಂತಿರುತ್ತೇನೆ, ಈ ಸಲ ವಂದಿಸಲು ಅಲ್ಲ.

ಇಂತಿ,
ಬಾಯಿ ಮುಚ್ಚಿಕೊಂಡಿರುವ
ನಿನ್ನ ಡಂಗುರ